ಹಂದಿಗಳ ಮೇಲೆ ಬಂದ ಅಪವಾದ

ಫೆಮ್ಮಾಗೆ ಹೊಸ ಲಿವರ್ ಜೋಡಿಸಿದ ಒಂಬತ್ತನೇ ದಿನ ಚಳಿಜ್ವರ ಬಂತು. ಮಾಮೂಲಿ ಔಷಧಿಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಅವಳ ರಕ್ತದಲ್ಲಿದೆ ಎಂಬ ವರದಿ ಮರುದಿನ ಕೈಸೇರಿದಾಗ, ನಮ್ಮ ವಾರ್ಡಿನ ನರ್ಸುಗಳೆಲ್ಲ ಒಂದೇ ದನಿಯಲ್ಲಿ ತೀರ್ಪು ಕೊಟ್ಟೆವು: ಇದು ಹಂದಿಗಳದೇ ಕೆಲಸ.

ಫೆಮ್ಮಾ ಡ್ರೆಂಥೆ ಎಂಬ ಹಳ್ಳಿಗಾಡಿನ ಕಡೆಯವಳು, ಎಂಟುನೂರು ಹಂದಿಗಳ ಒಡತಿ. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಹಂದಿಗಳಿಂದ ಅಂಟಿರಬಹುದೆಂದು, ಹಂದಿ ಸಾಕುವವರು ಆಸ್ಪತ್ರೆಗೆ ಬಂದರೆ ನಮ್ಮಲ್ಲಿ ಮೊದಲು ಮೂಗಿಗೆ ಹತ್ತಿ ತೂರಿಸಿ ಪರೀಕ್ಷೆ, ಆಮೇಲೆ ಕಾಫಿ.

ಅವಳನ್ನು ಒಂಟಿ ಕೋಣೆಗೆ ಹಾಕಿದೆವು. ಒಳಗೆ ಹೋಗುವವರೆಲ್ಲ ಹಳದಿ ನಿಲುವಂಗಿ ತೊಡಬೇಕು. ಅವಳ ಗಂಡ ಹಾರ್ಮ್ ಆರೂವರೆ ಅಡಿಯ ಆಳು. ನಿಲುವಂಗಿ ಅವನ ಮೊಣಕಾಲನ್ನೂ ಮುಟ್ಟಲಿಲ್ಲ.

"ಏನೋ ಇದು, ಕೋಳಿಮರಿ ಥರ ಕಾಣ್ತಿದ್ದೀಯ!" ಎಂದು ಫೆಮ್ಮಾ ನಡುಗುತ್ತಲೇ ನಕ್ಕಳು. ಮತ್ತೆ ನನ್ನ ಕಡೆ ತಿರುಗಿ, "ಇನೆಕೆ, ನೀವೆಲ್ಲ ಏನ್ ಮಾತಾಡ್ಕೊಳ್ತಿದ್ದೀರಿ ಅಂತ ನಂಗೊತ್ತು. ಮೂಗು ನೋಡಿದ್ರಲ್ಲ, ಏನಾದ್ರೂ ಸಿಕ್ತಾ? ನನ್ ಹಂದಿಗಳ ಸುದ್ದಿಗೆ ಬರ್ಬೇಡಿ!" ಎಂದಳು.

ಡಾಕ್ಟರ್ ವೀರ್ಸ್ಮಾ ಪೂರ್ತಿ ವರದಿ ಹಿಡಿದು ಬಂದರು. "ಹಂದಿಗಳದ್ದೇನೂ ತಪ್ಪಿಲ್ಲಮ್ಮ. ಇದು ನಿಮ್ ಕರುಳಲ್ಲೇ ಬೆಳೆದದ್ದು. ಹತ್ತು ವರ್ಷದಿಂದ ಪಿತ್ತನಾಳಕ್ಕೆ ಸೋಂಕಾದಾಗೆಲ್ಲ ಆಂಟಿಬಯಾಟಿಕ್ ತಗೊಂಡಿದ್ದೀರಿ. ಬ್ಯಾಕ್ಟೀರಿಯಾಗಳಲ್ಲಿ ಸಾಧುಗಳು ಸತ್ವು, ಮೊಂಡುಗಳು ಉಳ್ಕೊಂಡ್ವು."

"ಹಾಗಂತ ಬರ್ದು ಕೊಡಿ!"

ಡಾಕ್ಟರ್ ನಗುತ್ತ ಚೀಟಿ ಬರೆದೇ ಕೊಟ್ಟರು.

ಹೊಸ ಲಿವರಿನ ಪಿತ್ತನಾಳ ಹೊಲಿಗೆಯ ಹತ್ತಿರ ಕಿರಿದಾಗಿ ಪಿತ್ತ ಕಟ್ಟಿಕೊಂಡು, ಸೋಂಕು ಅಲ್ಲಿಂದಲೇ ರಕ್ತಕ್ಕೆ ಹತ್ತಿತ್ತು. ಸಣ್ಣ ಕೊಳವೆ ತೂರಿಸಿ ದಾರಿ ಬಿಡಿಸಿದರು. ಇನ್ನೂ ನಾಟುತ್ತಿದ್ದ ಒಂದೇ ಒಂದು ಔಷಧಿಯನ್ನು ಏಳು ದಿನ ಮಾತ್ರ ಕೊಡುವುದೆಂದಾಯಿತು. ಮೂರನೇ ದಿನಕ್ಕೆ ಜ್ವರ ಇಳಿಯಿತು.

ನಾಲ್ಕನೇ ದಿನ ಹಾರ್ಮ್ ಜೇಬಿನಲ್ಲಿ ಏನೋ ಗಲಗಲ ಎಂದಿತು. ಪೆಪ್ಪರ್‌ಮಿಂಟ್ ಡಬ್ಬಿ.

"ನಂಗೂ ಒಂದು ಕೊಡಿ," ಎಂದೆ. ಅವನ ಕಿವಿ ಕೆಂಪಾಯಿತು. ಡಬ್ಬಿಯಲ್ಲಿದ್ದವು ವರ್ಷಗಳಿಂದ ಉಳಿಸಿಟ್ಟ ಬಣ್ಣಬಣ್ಣದ ಆಂಟಿಬಯಾಟಿಕ್ ಮಾತ್ರೆಗಳು!

"ಅವ್ಳೇ ತರೋಕೆ ಹೇಳಿದ್ದು," ಎಂದು ಗೊಣಗಿದ. "ಏಳು ದಿನ ಸಾಲಲ್ವಂತೆ."

ನಾನು ಫೆಮ್ಮಾಳನ್ನೇ ಕೇಳಿದೆ: "ನಿನ್ ಹಂದಿಗೆ ಹೀಗೆ ಉಳಿದ ಮಾತ್ರೆ ಕೊಡ್ತೀಯಾ?"

"ಹುಚ್ಚಾ ನಿಂಗೆ? ಪಶುವೈದ್ಯರು ಬರೆದುಕೊಡದೆ ಒಂದು ಚೂರೂ..." ಅಷ್ಟಕ್ಕೇ ನಿಲ್ಲಿಸಿದಳು.

"ಹಂದಿಗಿಂತ ನಿನ್ ಪಾಡು ಕಡೆಯಾಯ್ತಲ್ಲೇ," ಎಂದ ಹಾರ್ಮ್.

"ನಗಿಸ್ಬೇಡ್ವೋ, ಹೊಲಿಗೆ ಕಿತ್ತು ಬರತ್ತೆ!" ಹೊಟ್ಟೆ ಹಿಡಿದುಕೊಂಡು ನಕ್ಕವಳು ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡಳು. "ಭಯ ಕಣೇ ಇನೆಕೆ. ಯಾರೋ ಸತ್ತು ಕೊಟ್ಟುಹೋದ ಲಿವರ್ ಇದು. ನನ್ ಕೈಲಿ ಹಾಳಾದ್ರೆ ಅವ್ರಿಗೆ ಏನಂತ ಹೇಳ್ಲಿ?"

ಕೈಗವಸು ಹಾಕಿದ ಕೈಯಲ್ಲೇ ಅವಳ ಕೈ ಹಿಡಿದು ಕೂತೆ. "ದಾರಿ ಬಿಡಿಸಿ ಆಗಿದೆ. ಸುಮ್ನೆ ಔಷಧಿ ಸುರಿದ್ರೆ ಇನ್ನಷ್ಟು ಮೊಂಡುಗಳನ್ನ ನಾವೇ ತಯಾರು ಮಾಡಿದ ಹಾಗೆ," ಎಂದೆ. ಡಬ್ಬಿಯನ್ನು ಅವಳೇ ನನ್ನ ಕಡೆ ತಳ್ಳಿದಳು.

ಏಳನೇ ದಿನಕ್ಕೆ ಔಷಧಿ ನಿಂತಿತು. ಎಂಟು, ಒಂಬತ್ತು, ಹತ್ತು, ಜ್ವರ ಮರಳಲಿಲ್ಲ. ಮೂರು ವಾರಕ್ಕೆ ಮನೆಗೆ ಹೋದಳು. ಆರು ತಿಂಗಳು ಹಂದಿಕೊಟ್ಟಿಗೆಗೆ ಕಾಲಿಡಬಾರದೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು.

ಮೊನ್ನೆ ಹಾರ್ಮ್ ವಾರ್ಡಿಗೆ ಫೋನ್ ಮಾಡಿದ. "ಕೊಟ್ಟಿಗೆ ಒಳಗೆ ಬರಲ್ಲ ನಿಜ. ಆದ್ರೆ ಕಿಟಕಿ ಆಚೆ ಕುರ್ಚಿ ಹಾಕ್ಕೊಂಡು ಕೂತು ನನ್ನ ಜೀವ ತೆಗೀತಿದ್ದಾಳೆ!"

ಹಿಂದಿನಿಂದ ಗಟ್ಟಿ ದನಿ ಕೇಳಿಸಿತು: "ಬಲಗಡೆ ತೊಟ್ಟಿ ಖಾಲಿ ಇದೆ, ಹಾರ್ಮ್! ಫೋನ್ ಇಡು!"