ಧೂಳೇಳದ ಹಾಗೆ

ಬಿರುಬೇಸಿಗೆ. ಬೆಳಗಿನ ಬಿಸಿಲು ಇನ್ನೂ ಹೊಸ್ತಿಲು ಮುಟ್ಟಿರಲಿಲ್ಲ. ನಾದಿನಿ ಅಂಗಳಕ್ಕೆ ಪೊರಕೆ ಇಟ್ಟಿದ್ದಳಷ್ಟೆ, ಒಳಗಿಂದ ಅವಳು ಓಡಿಬಂದು ಕಸಿದುಕೊಂಡಳು.

“ಒಣಗಸ ಗುಡಿಸ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು? ಮೊದ್ಲು ನೀರು ಚಿಮುಕಿಸು. ಧೂಳು ಒಳಗೆ ಹೋಗುತ್ತೆ.”

“ಇನ್ಯಾರಿಗೆ ಅತ್ತಿಗೆ?” ಎಂದಳು ನಾದಿನಿ, ಮೆಲ್ಲಗೆ.

ಪೊರಕೆ ಹಿಡಿದ ಕೈ ಅಲ್ಲೇ ನಿಂತಿತು. ಗಂಡ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕೆಮ್ಮಿಲ್ಲದ ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿ ಮುಚ್ಚಿದಳು, ತೆರೆದಳು. ಸೌದೆಯ ಗಾಡಿ ಬಂತೇನೋ ಎಂದು ಬೀದಿಗೆ ಇಣುಕಿದಳು. ಕೊನೆಗೆ ಜಗಲಿಯಲ್ಲಿ ಕೂತಿದ್ದ ಭಾವನ ಮುಂದೆ ಹೋಗಿ ನಿಂತಳು.

“ಭಾವ, ಸುಡೋದು ಬೇಡ. ಮಣ್ಣಿಗೆ ಕೊಡಿ ಅಂದಿದ್ರು ನಿಮ್ಮ ತಮ್ಮ. ಬಾಯಿಬಿಟ್ಟು ಕೇಳಿದ್ದು ಅದೊಂದೇ.”

“ನಮ್ಮನೇಲಿ ಎಲ್ರನ್ನೂ ಸುಟ್ಟಿದ್ದೇ. ಸಿಗರೇಟು ಸೇದಿ ಎದೆ ಸುಟ್ಕೊಂಡೋನಿಗೆ ಈಗ ಬೆಂಕಿ ಅಂದ್ರೆ ಭಯಾನಾ?” ಭಾವ ಕಡ್ಡಿ ಮುರಿದಂತೆ ಹೇಳಿದರು.

*

ಸೈನ್ಯದಿಂದ ಮೊದಲ ರಜೆಗೆ ಅವನು ಬಂದಾಗ ಅವಳೂ ಹಾಗೇ ಅಂದುಕೊಂಡಿದ್ದಳು. ಅಂಗಿ ಮೂರು ನೀರು ಕಂಡರೂ ಹೊಗೆ ನಾರುತ್ತಿತ್ತು. ಜೇಬೆಲ್ಲ ತಡಕಿದಳು. ಒಂದು ಕಡ್ಡಿಪೆಟ್ಟಿಗೆಯೂ ಸಿಗಲಿಲ್ಲ.

“ಎಲ್ಲಿ ಬಚ್ಚಿಟ್ಟಿದ್ದೀರಿ?”

“ಕ್ಯಾಂಪಿನ ಹಿಂದೆ ದೊಡ್ಡ ಗುಂಡಿ ಇದೆ ಕಣೇ. ಟೈರು, ಪ್ಲಾಸ್ಟಿಕ್ಕು, ಬಣ್ಣದ ಡಬ್ಬಿ, ಎಲ್ಲಕ್ಕೂ ಡೀಸೆಲ್ ಸುರಿದು ಸುಡೋದು ನನ್ದೂ ಇನ್ನೊಬ್ಬ ಸಿಪಾಯೀದೂ ಪಾಳಿ. ನಾನೆಲ್ಲಿ ಸೇದಿದೆ? ಹೊಗೇನೇ ನನ್ನ ಸೇದ್ತಾ ಇದೆ.” ಅವನು ನಕ್ಕ. ನಗು ಕೆಮ್ಮಾಗಿ ಮುಗಿಯಿತು.

ಪಿಂಚಣಿಯಾದ ಮೇಲೆ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಕಾವಲಿಗೆ ನಿಂತ. ಅಲ್ಲಿ ಹೊಗೆಯಿಲ್ಲ, ಬಿಳಿ ಪುಡಿ. ಡಾಕ್ಟರು ಎದೆಯ ಚಿತ್ರ ನೋಡಿ, ಒಳಗೆಲ್ಲ ಉರಿಯೂತ, ಹಳೆಯದು ಎಂದರು. ಅಂದಿನಿಂದ ಅವಳು ನೀರಿಲ್ಲದೆ ಪೊರಕೆ ಮುಟ್ಟಿದವಳಲ್ಲ. ಕೊನೆಗೊಂದು ದಿನ ಅವನು ಅವಳ ಕೈ ಹಿಡಿದು, “ನನ್ನ ಮತ್ತೆ ಹೊಗೇಗೆ ಹಾಕ್ಬೇಡ” ಅಂದಿದ್ದ.

*

ಬೀದಿಯ ತಿರುವಿನಲ್ಲಿ ಕೆಮ್ಮು ಕೇಳಿಸಿತು. ಎಳೆದೆಳೆದು ಬಂದು ಕೊನೆಗೆ ಸಿಳ್ಳೆ ಹಾಕುವ ಒಣಕೆಮ್ಮು. ನಾದಿನಿಯ ಕೈಯಿಂದ ಲೋಟ ಬಿತ್ತು. ಭಾವ ತಟ್ಟನೆ ನಡುಮನೆಯ ಕಡೆ ತಿರುಗಿ ನೋಡಿದರು. ಬಿಳಿ ಬಟ್ಟೆ ಅಲುಗಿರಲಿಲ್ಲ.

ಗೋಡೆ ಹಿಡಿದುಕೊಂಡು ಒಬ್ಬ ಮುದುಕ ಬಂದ.

“ನಾನು... ಅವನ ಪಾಳಿಯವನು. ಗುಂಡಿ ಹತ್ರ...” ಕೆಮ್ಮು ಮಾತನ್ನು ನುಂಗಿತು.

“ನೀನೂ ಸೇದ್ತಿದ್ದೆಯೇನಪ್ಪಾ?” ಭಾವ ಕೇಳಿದರು.

ಉಸಿರು ಸಿಕ್ಕಿದ ಮೇಲೆ ಅವನೆಂದ: “ಆ ಹೊಗೇಲಿ ಸಿಗರೇಟಿಗೆ ಜಾಗ ಎಲ್ಲಿತ್ತಣ್ಣಾ?”

ಮತ್ತೆ ಕೆಮ್ಮಿದ. ಭಾವ ತಲೆ ತಗ್ಗಿಸಿ ಅದನ್ನೇ ಕೇಳುತ್ತ ಕೂತರು. ಸೌದೆಯ ಗಾಡಿ ಬಾಗಿಲಿಗೆ ಬಂದಾಗ ತಾವೇ ಎದ್ದುಹೋದರು.

“ತಿರುಗಿಸ್ಕೊಂಡು ಹೋಗಪ್ಪಾ. ಅಗೆಯೋರು ನಾಲ್ಕು ಜನ ಇದ್ರೆ ಕಳಿಸು.”

ಹೊಲದಂಚಿನ ಕುಣಿಗೆ ಅವನನ್ನು ಇಳಿಸಿದರು. ಅಗೆದ ಮಣ್ಣು ಹಿಟ್ಟಿನಂತಿತ್ತು. ಮೊದಲ ಸಲಿಕೆಗೇ ಧೂಳೆದ್ದಿತು. ಜೊತೆಗಾರ ಮುದುಕ ಮೂಗಿಗೆ ಟವಲು ಒತ್ತಿಕೊಂಡ. “ನಿಲ್ಲಿ!” ಎಂದವಳೇ ಅವಳು ಬಿಂದಿಗೆ ತಂದು ಮಣ್ಣಿಗೆ ನೀರು ಚಿಮುಕಿಸತೊಡಗಿದಳು.

“ಕೆಸರಾದ್ರೆ ಸಲಿಕೆಗೆ ಅಂಟುತ್ತಮ್ಮಾ,” ಎಂದ ಅಗೆಯುವವನೊಬ್ಬ.

“ಅಂಟ್ಲಿ.”

ಒದ್ದೆ ಮಣ್ಣು ಧಪ್ಪನೆ, ಧೂಳೇಳದೆ ಬಿತ್ತು.

ಜೊತೆಗಾರ ಅಂದು ಸಂಜೆಯ ಬಸ್ಸಿಗೇ ಹೊರಟ. ಬಸ್ಸು ಎಬ್ಬಿಸಿದ ಧೂಳಿನಲ್ಲಿ ಅವಳು ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು.