ಡಬ್ಬಿಯ ಮೇಲಿನ ನಂಬರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಔಷಧಿ, ಸೋಪು, ಚಹಾಪುಡಿ, ಯಾವುದಕ್ಕೇ ಆಗಲಿ ರಟ್ಟಿನ ಡಬ್ಬಿಯ ವಿನ್ಯಾಸ ಮಾಡುವುದು ಅವಳ ಕಸುಬು. ಕೈಯಲ್ಲಿ ಸ್ಕೇಲು ಇಲ್ಲದೆ ಅವಳು ಊಟಕ್ಕೂ ಏಳುವುದಿಲ್ಲ ಎಂಬುದು ಅಲ್ಲಿನ ತಮಾಷೆ. ಆ ಆಫೀಸು ಬಾಗಿಲು ಹಾಕಿದ ಮೇಲೆ ಅಳತೆ ಅಕ್ಕ ಎನ್ನುವವರೂ ಇಲ್ಲ, ತಮಾಷೆ ಮಾಡುವವರೂ ಇಲ್ಲ. ಐವತ್ತರ ಹತ್ತಿರದ ಒಂಟಿ ಹೆಂಗಸು, ಮಹಡಿಯ ಮೇಲೊಂದು ಪುಟ್ಟ ಮನೆ, ಮೇಜಿನ ಮೇಲೊಂದು ಫೋನು. ಭಾನುವಾರ ತಂಗಿ ಫೋನ್ ಮಾಡುತ್ತಿದ್ದಳು. ಉಳಿದ ದಿನ ಅದು ಬಾಯಿಗೆ ಬೀಗ ಹಾಕಿಕೊಂಡು ಬಿದ್ದಿರುತ್ತಿತ್ತು. ಕೆಟ್ಟುಹೋಯಿತೇನೋ ಎಂದು ಅವಳು ಎಷ್ಟೋ ಸಲ ಎತ್ತಿ ನೋಡಿದ್ದುಂಟು.

ಹಾಗಿರುವಾಗ ನೋವಿನ ಎಣ್ಣೆ ಮಾಡುವ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಎದುರಿಗೆ ಕೂತಿದ್ದ ಮ್ಯಾನೇಜರ್ ಅವಳ ತಂಗಿಯ ಮಗನ ವಯಸ್ಸಿನವನು. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ನಿಮ್ಮ ಕೆಲಸ ನೋಡಿದೀವಿ ಮೇಡಂ, ಸೂಪರ್. ಒಂದು ಚಿಕ್ಕ ಟೆಸ್ಟ್ ಅಷ್ಟೆ. ನಮ್ಮ ಹೊಸ ಎಣ್ಣೆಗೆ ಒಂದು ಡಬ್ಬಿ ಮಾಡ್ಕೊಡಿ."

"ಪೂರ್ತಿ ಡಬ್ಬಿನಾ?"

"ಸೀದಾ ಪ್ರಿಂಟಿಗೆ ಕಳಿಸೋ ಹಾಗಿದ್ರೆ ಒಳ್ಳೇದು. ನಿಮ್ಮ ಕೈಚಳಕ ಗೊತ್ತಾಗುತ್ತಲ್ಲ."

ಬರೀ ಪರೀಕ್ಷೆಯಾದರೆ ಪ್ರಿಂಟಿನ ಮಾತು ಯಾಕೆ ಎಂದು ಕೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿದ್ದನ್ನು ಉಗುಳಿನ ಜೊತೆ ನುಂಗಿಕೊಂಡಳು.

ಅವಳಿಗೆ ಬೇಕಾಗಿದ್ದು ಬರೀ ಸಂಬಳವಲ್ಲ, ಅದನ್ನೂ ಹೇಳಿಬಿಡಬೇಕು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಿತ್ತು, "ಅಕ್ಕ, ಇದು ಸರಿಯಿದೆಯಾ ನೋಡಿ" ಎನ್ನುವ ನಾಲ್ಕು ಜನ ಬೇಕಿತ್ತು. ಹಾಗಾಗಿ ಆ ಡಬ್ಬಿಗಾಗಿ ಜೀವ ತೇದಳು. ಮಂಡಿ ನೋಯುವವರಿಗೆ ಬೆರಳೂ ನೋಯುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ತೆರೆದುಕೊಳ್ಳುವ ಹಾಗೆ ಮುಚ್ಚಳ ಮಡಿಸಿದಳು. ಅವರ ಕಣ್ಣೂ ಮಂಜು; 'ಏನಾದರೂ ಕೇಳಬೇಕೇ? ಫೋನ್ ಮಾಡಿ' ಎಂದು ಬರೆದು, ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪ ನಂಬರನ್ನು ಮುಂಭಾಗದಲ್ಲೇ ಕೂರಿಸಿದಳು. ಕಂಪನಿಯವರು ನಂಬರು ಕೊಟ್ಟಿರಲಿಲ್ಲ. ಬರೀ ಸೊನ್ನೆ ತುಂಬಿಸಿದರೆ ಅಂಕಿಗಳ ನಡುವಿನ ಜಾಗ ಅಂದಾಜಿಗೆ ಸಿಗುವುದಿಲ್ಲ, ಯಾವುದಾದರೂ ನಿಜವಾದ ನಂಬರನ್ನೇ ಹಾಕು ಎಂದು ಕೆಲಸ ಕಲಿಸಿದ ಮೇಷ್ಟ್ರು ಹೇಳಿದ್ದರು. ಅಂದಿನಿಂದ ಅವಳು ಹಾಕುತ್ತಿದ್ದದ್ದು ತನ್ನದೇ ನಂಬರು. ಪ್ರಿಂಟಿಗೆ ಹೋಗುವ ಮುಂಚೆ ಅದನ್ನು ಬದಲಿಸಬೇಕೆಂದು ಹಳೆಯ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಳಿಸಿದಳು, ಕಾದಳು. "ಈ ಸಲ ಆಗಲಿಲ್ಲ, ಮುಂದೆ ನೋಡೋಣ" ಎಂಬ ಒಂದು ಸಾಲು ಬಂತು. ಮೂಗಿಗೆ ತುಪ್ಪ ಸವರಿ ಕಳಿಸುವುದರಲ್ಲಿ ಈ ಕಂಪನಿಗಳನ್ನು ಮೀರಿಸುವವರಿಲ್ಲ. ಆ ದಿನ ಅವಳು ಒಲೆ ಹಚ್ಚಲಿಲ್ಲ. ಸ್ಕೇಲನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ತಳ್ಳಿದಳು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು.

"ಹಲೋ, ಎಣ್ಣೆ ಕಂಪನಿನಾ?" ವಯಸ್ಸಾದ ಗಂಡಸಿನ ದನಿ.

"ಅಲ್ಲ, ರಾಂಗ್ ನಂಬರ್."

"ಡಬ್ಬಿ ಮೇಲೆ ಇದೇ ಇದೆಯಲ್ಲಮ್ಮ. ಇಷ್ಟು ದಪ್ಪಗೆ ಬರ್ದಿದೀರಿ, ತಪ್ಪು ಓದೋಕೆ ನಾನೇನು ಕುರುಡನಾ?"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. "ಆ ಡಬ್ಬಿ... ಮುಚ್ಚಳ ಹೇಗೆ ತೆಗೆದ್ರಿ?"

"ಹೆಬ್ಬೆಟ್ಟಲ್ಲಿ ಒತ್ತಿದೆ, ಟಪ್ ಅಂತ ಬಂತು. ಯಾರೋ ತಲೆ ಇರೋರು ಮಾಡಿದಾರೆ ಬಿಡಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಹೊಟ್ಟೆ ಉರಿಯಿತು, ಜೊತೆಗೆ ಖುಷಿಯೂ ಆಯಿತು. ಖುಷಿಯಾಯಿತಲ್ಲ ಎಂದು ಮತ್ತಷ್ಟು ಹೊಟ್ಟೆ ಉರಿಯಿತು.

"ಹೇಳಿ, ಏನಾಗ್ಬೇಕಿತ್ತು?"

"ನಾನು ಲಾರಿ ಡ್ರೈವರ್ ಆಗಿದ್ದೆ, ಬೆನ್ನು ಹೋಗಿದೆ. ಹೆಂಡತಿ ಇದ್ದಾಗ ಅವಳು ಎಣ್ಣೆ ಹಚ್ತಿದ್ಲು. ಈಗ ನನ್ನ ಕೈ ಅಲ್ಲಿಗೆ ಎಟಕಲ್ಲ. ಒಬ್ಬರೇ ಇರೋರು ಹೇಗೆ ಹಚ್ಕೋಬೇಕು ಅಂತ ಡಬ್ಬಿ ಮೇಲೆ ಎಲ್ಲೂ ಬರ್ದಿಲ್ವಲ್ಲಮ್ಮ?"

ಬರೆದಿರಲಿಲ್ಲ, ನಿಜ. ಅಷ್ಟೆಲ್ಲ ಯೋಚಿಸಿದವಳಿಗೆ ಅದೊಂದು ಹೊಳೆದಿರಲಿಲ್ಲ.

"ಉದ್ದದ ಟವೆಲ್ ತಗೊಳ್ಳಿ. ಮಧ್ಯಕ್ಕೆ ಎಣ್ಣೆ ಹಾಕಿ, ಎರಡೂ ತುದಿ ಹಿಡ್ಕೊಂಡು ಬೆನ್ನ ಮೇಲೆ ಆ ಕಡೆ ಈ ಕಡೆ ಎಳೀರಿ."

"ಇದು ಡಾಕ್ಟ್ರು ಹೇಳಿದ್ದಾ?"

"ಅಲ್ಲ. ನಾನೂ ಹಾಗೇ ಮಾಡೋದು."

ಆ ಕಡೆ ಬೀರು ತೆರೆದು ಟವೆಲ್ ಹುಡುಕುವ ಸದ್ದು ಕೇಳಿತು. ಆಮೇಲೆ "ಸರಿ ತಾಯಿ" ಎಂದು ಡ್ರೈವರು ಫೋನು ಇಟ್ಟ.

ಅಲ್ಲಿಂದ ಶುರುವಾಯಿತು. ಎಣ್ಣೆಯ ವಾಸನೆ ಹೋಗುವುದು ಹೇಗೆ ಎನ್ನುವವರು, ಸೊಸೆಯ ಮೇಲೆ ದೂರು ಹೇಳುವವರು, ಹೀಗೆ ದಿನಕ್ಕೆ ನಾಲ್ಕಾರು ಜನ. ಡ್ರೈವರಂತೂ ವಾರಕ್ಕೊಮ್ಮೆ ತನ್ನ ಬೆನ್ನಿನ ವರದಿ ಒಪ್ಪಿಸುತ್ತಿದ್ದ. ಅವಳು ಮಿಂದು, ತಲೆ ಬಾಚಿ, ಮೇಜಿನ ಮುಂದೆ ಕೂರತೊಡಗಿದಳು.

"ಅಕ್ಕ, ನಿನ್ನ ತಲೆ ನೆಟ್ಟಗಿದೆಯಾ?" ತಂಗಿ ಭಾನುವಾರ ಸಿಡಿದಳು. "ಹಾಡಹಗಲೇ ಕದ್ದಿದಾರೆ. ನೀನು ನೋಡಿದ್ರೆ ಅವರಿಗೇ ಬಿಟ್ಟಿ ಚಾಕರಿ ಮಾಡ್ತಾ ಕೂತಿದೀಯ! ನೋಟಿಸ್ ಕಳಿಸು."

ತಂಗಿಯ ಮಾತು ಸರಿಯಾಗಿಯೇ ಇತ್ತು. ಅವಳು ವಕೀಲರಿಂದ ನೋಟಿಸ್ ಕಳಿಸಿದಳು. ಅದಕ್ಕೆ ಉತ್ತರ ಬರಲಿಲ್ಲ, ಮ್ಯಾನೇಜರನ ಫೋನು ಬಂತು.

"ಮೇಡಂ, ನಿಮ್ಮ ನಂಬರ್ ಹೇಗೋ ನಮ್ಮ ಡಬ್ಬಿ ಮೇಲೆ ಬಂದ್ಬಿಟ್ಟಿದೆ."

"ಹೇಗೋ ಬಂತಾ? ಅದೇ ಎದ್ದು ನಡ್ಕೊಂಡು ಬಂತಾ?"

ಉಗುಳು ನುಂಗುವ ಸರದಿ ಈಗ ಅವನದು. "ಹೊಸ ಡಬ್ಬಿ ಪ್ರಿಂಟ್ ಆಗ್ತಿದೆ ಮೇಡಂ. ಅಲ್ಲೀವರೆಗೆ ಯಾರಾದ್ರೂ ಮಾಡಿದ್ರೆ ರಾಂಗ್ ನಂಬರ್ ಅಂದ್ಬಿಡಿ."

ಅವನನ್ನು ಹಿಗ್ಗಾಮುಗ್ಗಾ ಬೈಯಲು ಅವಳು ಎಷ್ಟೋ ದಿನದಿಂದ ಮಾತು ಜೋಡಿಸಿ ಇಟ್ಟುಕೊಂಡಿದ್ದಳು. ಬಾಯಿಂದ ಬಂದದ್ದು ಬೇರೆ. "ಒಂದು ಮಾತು ನಿಜ ಹೇಳಪ್ಪ. ಆ ಕೆಲಸ ಯಾರಿಗೆ ಸಿಕ್ತು?"

ಬೆಣ್ಣೆಯೆಲ್ಲ ಕರಗಿಹೋದ ದನಿಯಲ್ಲಿ ಅವನು ಹೇಳಿದ: "ಯಾರಿಗೂ ಇಲ್ಲ ಮೇಡಂ. ಕೆಲಸ ಇರಲೇ ಇಲ್ಲ. ಮೇಲಿನವರು ಇಂಟರ್‌ವ್ಯೂ ಮಾಡು ಅಂದ್ರು, ಮಾಡಿದೆ."

ಇಷ್ಟು ದಿನ ಅವಳು ಯಾರೋ ಒಬ್ಬಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ತನಗಿಂತ ಚಿಕ್ಕವಳು, ಚುರುಕಾದವಳು, ಆ ಆಫೀಸಿನ ಕಿಟಕಿಯ ಪಕ್ಕ ಕೂತು ಎಲ್ಲರೊಡನೆ ನಗುತ್ತಾ ಕೆಲಸ ಮಾಡುವವಳು. ಅವಳ ಮೇಲೆ ಮನಸಾರೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಈಗ ನೋಡಿದರೆ ಅವಳೂ ಇಲ್ಲ.

ದಿನ ಕಳೆದಂತೆ ಕರೆಗಳು ಕಡಿಮೆಯಾದವು. ಡ್ರೈವರನ ಡಬ್ಬಿ ಎಂದೋ ಮುಗಿದಿರಬೇಕು. ಹೊಸದು ಕೊಂಡಿದ್ದರೆ ಅದರ ಮೇಲೆ ಬೇರೆ ನಂಬರು. ಅವನ ನಂಬರು ಫೋನಿನಲ್ಲಿತ್ತು, ಅವಳೇ ಮಾಡಬಹುದಿತ್ತು. ಆದರೆ ಕಂಪನಿಯವಳಲ್ಲದ ಮೇಲೆ ಏನೆಂದು ಹೇಳಿಕೊಂಡು ಮಾಡುವುದು? ಮೇಜಿನ ಮುಂದೆ ಕೂತೇ ಇದ್ದಳು. ಫೋನು ಮತ್ತೆ ಭಾನುವಾರದ ಫೋನಾಯಿತು.

ಒಂದು ಸಂಜೆ ಬೀದಿಯ ಕೊನೆಯ ದೊಡ್ಡ ಅಂಗಡಿಗೆ ಹೋದಳು. ಗಿರಾಕಿಗಳೇ ಸಾಮಾನು ಎತ್ತಿಕೊಳ್ಳುವ ಅಂಗಡಿ. ಎಣ್ಣೆಯ ಕಪಾಟಿನಲ್ಲಿ ಹೊಸ ಡಬ್ಬಿಗಳು ಮುಂದಿದ್ದವು. ಅದೇ ಬಣ್ಣ, ಅದೇ ಮುಚ್ಚಳ, ನಂಬರೊಂದು ಬೇರೆ. ಅವುಗಳ ಹಿಂದೆ ಹಳೆಯವು ಇನ್ನೂ ಒಂದು ಸಾಲು ಉಳಿದಿದ್ದವು.

ಅವಳು ಅತ್ತಿತ್ತ ನೋಡಿದಳು. ಹೊಸವನ್ನು ಒಂದೊಂದಾಗಿ ತೆಗೆದು ಹಿಂದಕ್ಕೆ ಸರಿಸಿ, ಹಳೆಯವನ್ನು ಮುಂದಕ್ಕೆ ತಂದು, ನಂಬರು ಕಾಣುವಂತೆ ತಿರುಗಿಸಿ, ಅಂಚಿಗೆ ಅಂಚು ಕೂಡುವಂತೆ ಜೋಡಿಸಿದಳು.

"ಏನು ಬೇಕಿತ್ತಮ್ಮ?" ಅಂಗಡಿಯವನು ಕೂಗಿ ಕೇಳಿದ.

"ಏನಿಲ್ಲ, ಸುಮ್ನೆ ನೋಡ್ತಿದ್ದೆ."

ಮನೆಗೆ ಬಂದವಳೇ ಫೋನನ್ನು ಚಾರ್ಜಿಗೆ ಹಾಕಿ, ಅದರ ಸದ್ದನ್ನು ಪೂರ್ತಿ ಏರಿಸಿಟ್ಟಳು.