ವೈಜಯಂತಿ ಆರಿಸಿದ ಹಲಗೆಗಳು

ದಿಲ್ಲಿಯಲ್ಲಿ ಒಳ್ಳೆಯ ಮರ ಹುಡುಕುವುದೆಂದರೆ ಹುಡುಗಾಟವಲ್ಲ. ಅದರಲ್ಲೂ ಹುಡುಕುವವಳು ಹೆಂಗಸಾದರೆ ಮುಗಿದೇ ಹೋಯಿತು. ಜನಕಪುರಿಯ ವೈಜಯಂತಿ ಗುರುಗ್ರಾಮದ ಕಂಪನಿಗೆ ರಾಜೀನಾಮೆ ಬಿಸಾಕಿ, ಮನೆಯ ಹಿಂದಿನ ಷೆಡ್ಡಿನಲ್ಲಿ ತೋಟದ ಕುರ್ಚಿ, ಬಾಲ್ಕನಿಯ ಬೆಂಚು ಮಾಡಲು ಕೂತಳಲ್ಲ, ಮೊದಲ ವರ್ಷವೆಲ್ಲ ಮರದ ಮಂಡಿಗಳನ್ನು ಸುತ್ತುವುದರಲ್ಲೇ ಹೋಯಿತು. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಭಾಯಿಸಾಬ್ ಬರಲಿಲ್ಲವೇ? ಯಾವ ಭಾಯಿಸಾಬ್, ಕರ್ಮ! ಗರಗಸ ಹಿಡಿಯುವವಳು ಇವಳು. ಗಂಡ ಶಂಕರನೋ, ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡು ಬರುವ ಆಸಾಮಿ. ಆದರೂ ಮಂಡಿಯವರಿಗೆ ಅವನ ಮುಖವೇ ಬೇಕು.

ಒಬ್ಬ ಹಸಿ ಮರಕ್ಕೆ ಬಣ್ಣ ಬಳಿದು ಹಳೆಯ ತೇಗ ಎಂದು ಸಾಗಹಾಕಲು ನೋಡಿದ. ಇನ್ನೊಬ್ಬ ಚಹಾ ಕುಡಿಸಿ, ಮೇಡಂಗೆ ಪ್ಲೈವುಡ್ಡೇ ಹಗುರ ಎಂದು ಉಪದೇಶ ಮಾಡಿದ. ಮೂರನೆಯವನು ಇನ್ನೂ ಘಾಟಿ. ಮಂಡಿಯಲ್ಲಿ ಒಂದು ಪದ್ಧತಿಯಿದೆ. ಗಿರಾಕಿ ತನಗೆ ಬೇಕಾದ ಹಲಗೆಗಳನ್ನು ಆರಿಸಿ, ತುದಿಗೆ ಸೀಮೆಸುಣ್ಣದಲ್ಲಿ ತನ್ನ ಗುರುತು ಹಾಕಿ ಬರುತ್ತಾನೆ. ಒಂದೆರಡು ದಿನದಲ್ಲಿ ಟೆಂಪೋ ಅವನ್ನು ಮನೆಗೆ ತಂದು ಇಳಿಸುತ್ತದೆ. ವೈಜಯಂತಿ ಇಂಗ್ಲಿಷಿನ ವಿ ಬರೆದು ಬಂದಿದ್ದಳು. ಬಂದ ಹಲಗೆಗಳ ಮೇಲೆಲ್ಲ ವಿ ಇತ್ತು, ಹಲಗೆ ಮಾತ್ರ ಅವಳು ಆರಿಸಿದವಲ್ಲ. ಜಗಳವಾಡಲು ಹೋದರೆ, "ನಿಮ್ಮದೇ ನಿಶಾನ್ ಅಲ್ಲವೇ ಮೇಡಂ?" ಎಂದು ಹಲ್ಲು ಕಿರಿದ.

ಅಂದಿನಿಂದ ಅವಳು ಕನ್ನಡದಲ್ಲಿ 'ವೈ' ಎಂದು ಬರೆಯತೊಡಗಿದಳು. "ಈ ಊರಲ್ಲಿ ಇದನ್ನ ಯಾವನು ನಕಲು ಮಾಡ್ತಾನೋ ಮಾಡಲಿ, ನೋಡ್ತೀನಿ" ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡಳು. ಶಂಕರ ನಕ್ಕು, "ಭಲೇ ಕಿಲಾಡಿ ಕಣೇ ನೀನು" ಎಂದ.

ಕೊನೆಗೆ ಫರೀದಾಬಾದಿನಲ್ಲಿ ಒಂದು ಮಂಡಿ ಸಿಕ್ಕಿತು. ಶಂಕರನ ಕಂಪನಿಯ ಕಾರ್ಖಾನೆಯೂ ಅಲ್ಲೇ ಹತ್ತಿರ. ಮೊದಲ ಸಲ ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು, ಬೊಂಬೆಯ ಹಾಗೆ ಪಕ್ಕದಲ್ಲಿ ನಿಂತಿರಲಿ ಎಂದು. ಯಜಮಾನ ಚೌಧರಿ ಅವನ ನಂಬರು ಬರೆದುಕೊಂಡ, ಆದರೆ ಒಳಗಿನ ಗೋದಾಮನ್ನು ವೈಜಯಂತಿಗೆ ತೆಗೆದು ತೋರಿಸಿದ. ಅಬ್ಬಾ, ಎಂಥ ಮರ! ನೆರಳಿನಲ್ಲಿ ವರ್ಷಗಟ್ಟಲೆ ಒಣಗಿದ ತೇಗ, ಬಹುಪಾಲು ಒಳಗಿನ ಗಟ್ಟಿ ಕೆಚ್ಚು, ಅಂಚಿನಲ್ಲಿ ಬೇಗ ಹಾಳಾಗುವ ಬಿಳಿ ಮರ ಇಷ್ಟೇ ಇಷ್ಟು. ಹಲಗೆ ಹಲಗೆಯನ್ನೂ ತಟ್ಟಿ, ಮಗುಚಿ, ಮೂಸಿ ನೋಡುತ್ತಿದ್ದರೂ ಯಾರೂ ಅವಸರ ಮಾಡಲಿಲ್ಲ. ಅವತ್ತು ಮನೆಗೆ ಬಂದವಳು ಸಂತೋಷಕ್ಕೆ ಅಕ್ಕಿ ಪಾಯಸ ಮಾಡಿದಳು.

ಆ ಹೊತ್ತಿಗೇ ಕಾಲೋನಿಯ ಕಮಿಟಿಯಿಂದ ಕೆಲಸ ಬಂತು. ಕಾರ್ಯದರ್ಶಿ ಕೃಷ್ಣಮೂರ್ತಿ ಮೈಸೂರು ಕಡೆಯ ನಿವೃತ್ತ ಅಧಿಕಾರಿ. ಪಾರ್ಕಿಗೆ ಮೊದಲು ನಾಲ್ಕು ಬೆಂಚು ಮಾಡಿ ಕೊಡಿ, ಒಂದು ಬೇಸಿಗೆ ತಡೆದರೆ ಬ್ಲಾಕಿನ ಎಲ್ಲ ಪಾರ್ಕುಗಳ ಬೆಂಚೂ ನಿಮಗೇ ಎಂದರು. ವೈಜಯಂತಿಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಅಷ್ಟು ದಿನ ನೆಂಟರಿಷ್ಟರ ಬಾಯಲ್ಲಿ ಅವಳ ಕೆಲಸ ಟೈಂಪಾಸು, ಹವ್ಯಾಸ. ಈ ನಾಲ್ಕು ಬೆಂಚು ನಿಂತರೆ ಅದಕ್ಕೊಂದು ಹೆಸರು ಬರುತ್ತದೆ, ಷೆಡ್ಡು ಕಾರ್ಯಾಗಾರವಾಗುತ್ತದೆ. ಫರೀದಾಬಾದಿಗೆ ಹೋಗಿ ಇಡೀ ದಿನ ಕೂತು ಹಲಗೆ ಆರಿಸಿ, ಒಂದೊಂದರ ತುದಿಗೂ ದಪ್ಪಗೆ 'ವೈ' ಬರೆದು ಬಂದಳು.

ಟೆಂಪೋ ಬಂತು. ಇಳಿಸುವಾಗ ಹಲಗೆ ಯಾಕೋ ಭಾರ ಅನ್ನಿಸಿತು. ಚಳಿಗಾಲದ ಮಂಜು ಕುಡಿದಿರಬೇಕು ಎಂದುಕೊಂಡಳು. ತುದಿಯಲ್ಲಿ ಗುರುತು ಇದೆ, ಅದೂ ಕನ್ನಡದಲ್ಲಿ, ಇನ್ನೆಂಥ ಅನುಮಾನ? ಮತ್ತೆ ತಟ್ಟಿಯೂ ನೋಡಲಿಲ್ಲ, ಮೂಸಿಯೂ ನೋಡಲಿಲ್ಲ. ಗುರುತಿದ್ದ ತುದಿಗಳನ್ನು ಕತ್ತರಿಸಿ ಬಿಸಾಕಿ, ಗರಗಸಕ್ಕೆ ತೇವ ತಾಗಿದರೂ ಅದೂ ಮಂಜಿನದೇ ಎಂದುಕೊಂಡು, ಹಗಲೆಲ್ಲ ಬೆನ್ನು ಬಗ್ಗಿಸಿ ದುಡಿದು, ಹೋಳಿ ಹಬ್ಬಕ್ಕೆ ಮುಂಚೆ ಬೆಂಚುಗಳನ್ನು ಪಾರ್ಕಿನಲ್ಲಿ ಕೂರಿಸಿದಳು. ಜನ ಹೊಗಳಿದ್ದೇ ಹೊಗಳಿದ್ದು.

ಮೇ ತಿಂಗಳ ಬಿಸಿಗಾಳಿ ಬೀಸಿದ್ದೇ ತಡ, ಬೆಂಚುಗಳು ಸೊಟ್ಟಗಾದವು. ಹಲಗೆ ಹಲಗೆಯೂ ಉದ್ದಕ್ಕೆ ಸೀಳಿತು, ಕೂಡಿಸಿದ ಕಡೆಯೆಲ್ಲ ಬಾಯಿ ಬಿಟ್ಟಿತು. ವಾಕಿಂಗಿಗೆ ಬಂದ ಮುದುಕಿಯೊಬ್ಬರ ಬೆರಳು ಸಂದಿಗೆ ಸಿಕ್ಕಿ ರಕ್ತ ಬಂತು. ಪಾರ್ಕಿನ ತುಂಬ ನಗೆಯೋ ನಗೆ: ಹೆಂಗಸಿನ ಕೈಗೆ ಗರಗಸ ಕೊಟ್ಟರೆ ಇನ್ನೇನಾಗುತ್ತದೆ! ವೈಜಯಂತಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸೀಳಿನೊಳಗೆ ಬೆರಳಿಟ್ಟು ನೋಡಿದರೆ ಇದು ಒಣಗಿದ ಮರವೇ ಅಲ್ಲ, ಅಪ್ಪಟ ಹಸಿ. ಮೈಯೆಲ್ಲ ಉರಿದುಹೋಗಿ ಫರೀದಾಬಾದಿಗೆ ಓಡಿದಳು.

ಅವಳು ಹಿಂದಿಯಲ್ಲಿ ಬಯ್ದಷ್ಟನ್ನೂ ಕೇಳಿಸಿಕೊಂಡ ಚೌಧರಿ ಗಾಬರಿಯಿಂದಲೇ ಹೇಳಿದ: "ಭಾಬೀಜಿ, ನೀವು ಬಂದು ಹೋದ ಮಾರನೇ ದಿನ ಭಾಯಿಸಾಬ್ ಬಂದಿದ್ದರಲ್ಲ? ಇಷ್ಟು ದುಬಾರಿ ಮಾಲು ಬೇಡ ಅಂತ ನಿಮ್ಮ ನಿಶಾನ್ ಒರೆಸಿ, ಹೊಸದಾಗಿ ಬಂದ ಅಗ್ಗದ ಹಲಗೆಗಳಿಗೆ ತಮ್ಮ ಕೈಯಾರೆ ಅದೇ ನಿಶಾನ್ ಬರೆದರು. ಹಸಿ ಇದೆ ಅಂತ ನಾನು ಹೇಳಿದೆ. ಪರವಾಗಿಲ್ಲ, ಮನೆ ಮಾತು, ನೀನು ಕಳಿಸು ಅಂದರು, ದುಡ್ಡೂ ಅವರೇ ಕಟ್ಟಿದರು. ನೀವಿಬ್ಬರೂ ಮಾತಾಡಿಕೊಂಡೇ ಬಂದಿದ್ದೀರಿ ಅಂತ ತಿಳಿದೆ." ಗೋದಾಮಿನ ಖಾಲಿ ಮೂಲೆಯನ್ನು ತೋರಿಸಿ, "ನೀವು ಆರಿಸಿದ್ದು ಬಂಗಾರದಂಥ ಮಾಲು. ಒಂದು ಹೋಟೆಲಿನವರು ಎತ್ತಿಕೊಂಡು ಹೋದರು" ಎಂದ.

ಇಡೀ ದಿಲ್ಲಿಯಲ್ಲಿ ಯಾರಿಗೂ ಬರೆಯಲು ಬಾರದ ಗುರುತು ಎಂದು ಮೆರೆದಿದ್ದಳಲ್ಲ! ಬರೆಯಬಲ್ಲವನು ಮನೆಯಲ್ಲೇ ಇದ್ದಾನೆ ಎಂಬುದು ಹೊಳೆಯಲೇ ಇಲ್ಲ. ಯಾವ ಹೆಂಡತಿಗೆ ತಾನೇ ಹೊಳೆಯುತ್ತದೆ? ಮೆಟ್ರೋದಲ್ಲಿ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮನೆಗೆ ಬಂದು ಕೇಳಿದರೆ ಶಂಕರ ಬಚ್ಚಿಡಲೂ ಹೋಗಲಿಲ್ಲ. "ಹೌದು ಕಣೇ, ಬದಲಾಯಿಸಿದೆ. ಕಡಲೆಕಾಯಿ ತಿಂದು ಸಿಪ್ಪೆ ಉಗುಳೋ ಜನಕ್ಕೆ ಅಂಥ ತೇಗ ಯಾಕೆ? ನಿಂಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ."

"ಕೇಳಬಹುದಿತ್ತಲ್ಲ ರೀ? ನನ್ನ ಗುರುತನ್ನ ನೀವು ಬರೆದ್ರಲ್ಲ, ನಿಮ್ಮ ಕೈ ನಡುಗಲಿಲ್ವಾ?"

"ಏನೋ ಕೊಲೆ ಮಾಡಿದ ಹಾಗೆ ಆಡ್ತೀಯಲ್ಲ! ಒಂದು ಹವ್ಯಾಸ ಅದು, ಅಷ್ಟೆ. ಬಿಸಿಲಿಗೆ ಹೀಗಾಯ್ತು ಅಂತ ಕೃಷ್ಣಮೂರ್ತಿಯವರಿಗೆ ಹೇಳು, ಮುಗೀತು."

ಹವ್ಯಾಸ. ಊರೆಲ್ಲ ಅನ್ನುತ್ತಿದ್ದ ಮಾತು, ಇವನ ಬಾಯಲ್ಲಿ ಒಂದು ದಿನವೂ ಬಂದಿರಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಅದೇ ಎಂದು ಈಗ ಗೊತ್ತಾಯಿತು.

ಅವಳು ಬಿಸಿಲಿನ ಮೇಲೆ ಹಾಕಲಿಲ್ಲ. ಮರುದಿನ ಕೃಷ್ಣಮೂರ್ತಿಯವರ ಎದುರು ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ನಕ್ಕರು.

"ಅಯ್ಯೋ, ಗಂಡ ಹೆಂಡತಿ ವಿಷಯ ಕಮಿಟಿಗೆ ಯಾಕಮ್ಮ ತರ್ತೀರಿ? ಆರ್ಡರ್ ನಿಮಗೇ ಕೊಡೋಣ, ಬೇಡ ಅಂದೋರು ಯಾರು? ಆದ್ರೆ ಮರದ ವ್ಯವಹಾರ ಈ ಸಲ ಶಂಕರ ಅವರೇ ಮುಂದೆ ನಿಂತು ನೋಡ್ಕೊಳ್ಳಲಿ. ಗಂಡಸರು ಹೋದ್ರೆ ಮಂಡಿಯೋರು ಮೋಸ ಮಾಡಲ್ಲ."

"ಮೋಸ ಮಾಡಿದ್ದು ಮಂಡಿಯೋರಲ್ಲ ಅಂತ ಈಗ ತಾನೆ ಹೇಳಿದೆನಲ್ಲ ಸಾರ್?"

"ಹಾಂ ಹಾಂ, ಕೇಳಿಸ್ಕೊಂಡೆ" ಎನ್ನುತ್ತಲೇ ಅವರು ಫೋನು ಹಚ್ಚಿದರು. ಆ ಕಡೆಯಿಂದ ಶಂಕರನ ನಗು ಕೇಳಿಸಿತು. ಇಬ್ಬರೂ ಸೇರಿ ಭಾನುವಾರ ಫರೀದಾಬಾದಿಗೆ ಹೋಗುವುದೆಂದು ನಿಶ್ಚಯವಾಯಿತು. ಎದುರಿಗೆ ಕೂತವಳನ್ನು ಬರ್ತೀಯಾ ಎಂದು ಕೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

"ನನಗೆ ಈ ಆರ್ಡರ್ ಬೇಡ ಸಾರ್" ಎಂದು ಎದ್ದು ಬಂದಳು.

ಭಾನುವಾರ ಬೆಳಿಗ್ಗೆ, ವಾಕಿಂಗಿನವರೆಲ್ಲ ತುಂಬಿರುವ ಹೊತ್ತಿಗೇ, ಅವಳು ಸ್ಪ್ಯಾನರು, ಸುತ್ತಿಗೆ ಹಿಡಿದು ಪಾರ್ಕಿಗೆ ಹೋದಳು. ನೆಲಕ್ಕೆ ಬಿಗಿದಿದ್ದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಜನ ನಿಂತು ನೋಡಿದರು. ಫರೀದಾಬಾದಿಗೆ ಹೊರಟು ನಿಂತಿದ್ದ ಶಂಕರ ಇಸ್ತ್ರಿ ಮಾಡಿದ ಅಂಗಿಯಲ್ಲೇ ಓಡಿ ಬಂದ.

"ಏನೇ ಇದು ರಾದ್ಧಾಂತ? ಎಲ್ಲಾ ನೋಡ್ತಿದ್ದಾರೆ. ಏನಂದ್ಕೋತಾರೆ?"

"ಇವಳಿಗೆ ಮಾಡೋಕೆ ಬರಲಿಲ್ಲ ಅಂದ್ಕೋತಾರೆ. ಅಂದ್ಕೊಳ್ಳಲಿ. ಇದರ ಮೇಲೆ ಇನ್ನೊಬ್ಬರು ಕೂರೋದು ಬೇಡ."

ಸಡಿಲವಾದ ಬೆಂಚನ್ನು ಅವಳು ಗೇಟಿನ ಕಡೆಗೆ ಎಳೆಯತೊಡಗಿದಳು. ಹಸಿ ಮರದ ಭಾರ, ಒಂದು ಹೆಜ್ಜೆ ಎಳೆಯುವುದರೊಳಗೆ ಏದುಸಿರು ಬಂತು. ಶಂಕರನಿಗೆ ನೋಡಲಾಗಲಿಲ್ಲವೋ, ಜನರ ಎದುರು ನಾಚಿಕೆಯಾಯಿತೋ, ಬಗ್ಗಿ ಇನ್ನೊಂದು ತುದಿಗೆ ಕೈ ಹಾಕಿದ.

"ಮುಟ್ಟಬೇಡಿ" ಎಂದಳು ವೈಜಯಂತಿ.

ಅವನು ಕೈ ತೆಗೆದ. ಅವಳು ಒಬ್ಬಳೇ ಎಳೆದುಕೊಂಡು ಹೋದಳು.